ಗಾಜಿಗೂ ಹಲ್ಲು ಹಿಡಿದು ನೋಡಬೇಕು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಯ 2005ರ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ಮೈಸೂರಿನಲ್ಲಿ ಬಿ.ಇ. ಮುಗಿಸಿ ಬೆಂಗಳೂರು ಸೇರಿದೆ. ಸಮಿತಿಯವರು ಫೋನ್ ಮಾಡಿ, "ನಿನ್ನ ಕೆಲಸ ಏನು ಅಂತ ಮಕ್ಕಳಿಗೆ ಅರ್ಥ ಆಗೋ ಹಾಗೆ ಒಂದು ಅರ್ಧ ಗಂಟೆ ಹೇಳಪ್ಪ" ಎಂದರು. ಸಾಫ್ಟ್‌ವೇರ್ ಎಂಜಿನಿಯರ್ ಎಂದರೆ ಕಂಪ್ಯೂಟರ್ ಮುಂದೆ ಕೂತು ಏನೋ ಕುಟ್ಟುವವನು ಎಂದು ಊರಿನಲ್ಲಿ ತಿಳಿದಿದ್ದಾರೆ. ಅದು ಸುಳ್ಳಲ್ಲ. ಆದರೆ ನಾನು ಕುಟ್ಟುವುದು ಗಾಜಿಗಾಗಿ. ಗಾಜು ಕತ್ತರಿಸುವ ಯಂತ್ರಗಳಿಗೆ ಲೆಕ್ಕ ಹಾಕಿಕೊಡುವ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿದ್ದೇನೆ. ಹಾಗಾಗಿ ಇವತ್ತು ಗಾಜಿನ ಬಗ್ಗೆ, ಅದನ್ನು ಮಾರುವ ವಸ್ತುಪ್ರದರ್ಶನಗಳ ಬಗ್ಗೆ ಹೇಳುತ್ತೇನೆ. ಕೊನೆಯಲ್ಲಿ ನಮ್ಮ ಶಾಲೆಗೆ ಕಟ್ಟಬೇಕೆಂದಿರುವ ಹೊಸ ಸಭಾಂಗಣದ ಬಗ್ಗೆ ಒಂದು ವಿನಂತಿಯೂ ಇದೆ.

ವಸ್ತುಪ್ರದರ್ಶನ ಎಂದ ಕೂಡಲೇ ನಮಗೆ ನೆನಪಾಗುವುದು ಮೈಸೂರು ದಸರಾದ್ದು. ಅರಮನೆಯ ಎದುರು ದೊಡ್ಡಕೆರೆ ಮೈದಾನ, ತಟ್ಟೆಗಿಂತ ದೊಡ್ಡ ಹಪ್ಪಳ, ಜೈಂಟ್ ವೀಲು. ಆದರೆ ಅದು ಶುರುವಾದದ್ದು ಹಪ್ಪಳಕ್ಕಾಗಿ ಅಲ್ಲ. 1880ರಲ್ಲಿ ಹತ್ತನೇ ಚಾಮರಾಜ ಒಡೆಯರು, ಲೋಕದಲ್ಲಿ ಹೊಸದಾಗಿ ಏನೇನು ಬಂದಿದೆ ಎಂಬುದನ್ನು ನಮ್ಮ ಸೀಮೆಯ ಜನ ಕಣ್ಣಾರೆ ನೋಡಲಿ ಎಂದು ಅದನ್ನು ಆರಂಭಿಸಿದರು. ನೋಡಿ ಕಲಿಯಲಿ ಎಂಬುದು ಉದ್ದೇಶ.

ಅದಕ್ಕೂ ಹಿಂದೆ, 1851ರಲ್ಲಿ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಜಗತ್ತಿನ ಮೊದಲ ದೊಡ್ಡ ಅಂತರರಾಷ್ಟ್ರೀಯ ಪ್ರದರ್ಶನ ನಡೆಯಿತು. ಜೋಸೆಫ್ ಪ್ಯಾಕ್ಸ್‌ಟನ್ ಎಂಬವನು ಅದಕ್ಕಾಗಿ ಕಬ್ಬಿಣ ಮತ್ತು ಗಾಜಿನದೇ ಒಂದು ಭಾರಿ ಕಟ್ಟಡ ಮಾಡಿಸಿದ. ಹೆಸರು ಕ್ರಿಸ್ಟಲ್ ಪ್ಯಾಲೇಸ್. ಅವನು ತೋಟಗಳನ್ನು ನೋಡಿಕೊಳ್ಳುತ್ತಿದ್ದವನು, ಗಿಡ ಬೆಳೆಸುವ ಗಾಜಿನ ಮನೆ ಕಟ್ಟಿ ಪಳಗಿದ ಕೈ. ಸುಮಾರು 3 ಲಕ್ಷ ಗಾಜಿನ ಹಲಗೆಗಳನ್ನು ಒದಗಿಸಿದ್ದು ಚಾನ್ಸ್ ಬ್ರದರ್ಸ್ ಎಂಬ ಕಂಪನಿ. ಆರು ತಿಂಗಳೊಳಗೆ 60 ಲಕ್ಷ ಜನ ಬಂದು ಹೋದರು. ಆ ಗಾಜಿನ ಕಂಪನಿಗೆ ಬೇರೆ ಮಳಿಗೆಯೇ ಬೇಕಿರಲಿಲ್ಲ. ಕಟ್ಟಡವೇ ಅವರ ಮಳಿಗೆಯಾಗಿತ್ತು.

ಆ ಮಾದರಿ ನಮ್ಮಲ್ಲಿಗೂ ಬಂತು. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಅದರ ಕಬ್ಬಿಣದ ಭಾಗಗಳು ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸರಾಸೆನ್ ಫೌಂಡ್ರಿಯಿಂದ. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಸುಟ್ಟುಹೋಗಿ, ಹೆನ್ರಿ ಇರ್ವಿನ್ ಹೊಸ ಅರಮನೆ ಕಟ್ಟುವಾಗ, ಕಲ್ಯಾಣ ಮಂಟಪದ ನವಿಲು ಚಿತ್ತಾರದ ಬಣ್ಣದ ಗಾಜಿನ ಚಾವಣಿಯೂ ಗ್ಲಾಸ್ಗೋದಿಂದಲೇ ಬಂತು. ನೀವೆಲ್ಲ ಪ್ರವಾಸ ಹೋದಾಗ ತಲೆ ಎತ್ತಿ ನೋಡಿದ್ದೀರಿ.

ಇನ್ನು ಇವತ್ತಿನ ಪ್ರದರ್ಶನಕ್ಕೆ ಬರುತ್ತೇನೆ. ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ಹೋದರೆ ಮಾದಾವರ ಸಿಗುತ್ತದೆ. ಈಗ ಮೆಟ್ರೊ ಕೂಡ ಅಲ್ಲಿಯವರೆಗೆ ಹೋಗುತ್ತದೆ. ಅಲ್ಲಿರುವ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರವನ್ನು ಎಲ್ಲರೂ ಬಿಐಇಸಿ ಎನ್ನುತ್ತಾರೆ. ಏಸ್‌ಟೆಕ್‌ನಂಥ ಕಟ್ಟಡ ಸಾಮಗ್ರಿ ಪ್ರದರ್ಶನಗಳು ನಡೆಯುವ ಜಾಗ ಅದು. ಒಂದೊಂದು ಹಾಲೂ ನಮ್ಮ ಶಾಲೆಯ ಆಟದ ಮೈದಾನಕ್ಕಿಂತ ದೊಡ್ಡದು. ಟೈಲ್ಸ್, ನಲ್ಲಿ, ಬಾಗಿಲು, ಲಿಫ್ಟು, ಬಣ್ಣ, ಸಿಮೆಂಟು ಎಲ್ಲದಕ್ಕೂ ಮಳಿಗೆಗಳು. ಅಲ್ಲಿ ನಡೆದ ಒಂದು ಪ್ರದರ್ಶನದಲ್ಲಿ, ನಮ್ಮ ಸಾಫ್ಟ್‌ವೇರ್ ಬಳಸುವ ಗಾಜಿನ ಕಂಪನಿಯೊಂದರ ಮಳಿಗೆಯಲ್ಲಿ ನಾನು ನಾಲ್ಕು ದಿನ ನಿಂತಿದ್ದೆ. ಕಂಪನಿಯ ಹೆಸರು ಹೇಳಿದರೆ ಜಾಹೀರಾತಾದೀತು, ಬೇಡ.

ಆ ಮಳಿಗೆ ಹೇಗಿತ್ತು ಗೊತ್ತೇ? ನೆಲಕ್ಕೆ ಗಾಜು, ಮೆಟ್ಟಿಲಿಗೆ ಗಾಜು, ಕುಳಿತುಕೊಳ್ಳುವ ಬೆಂಚೂ ಗಾಜು. ಒಂದು ಕಡೆ ಗಾಜಿನ ಹಲಗೆಯ ಮೇಲೆ ಎತ್ತರದಿಂದ ಉಕ್ಕಿನ ಗುಂಡು ಬೀಳಿಸುತ್ತಿದ್ದರು. ಗಾಜು ಬಿರುಕು ಬಿಟ್ಟರೂ ಚೂರು ಉದುರುತ್ತಿರಲಿಲ್ಲ. ಇನ್ನೊಂದು ಕಡೆ ಹಾಲಿನ ಹಾಗೆ ಬೆಳ್ಳಗಿದ್ದ ಗಾಜು ಗುಂಡಿ ಒತ್ತಿದರೆ ತಿಳಿಯಾಗಿ ಆಚೆ ಕಡೆಯವರು ಕಾಣುತ್ತಿದ್ದರು. ಮತ್ತೊಂದು ಕಡೆ ಎರಡು ಪೆಟ್ಟಿಗೆ, ಎರಡರಲ್ಲೂ ಕಾವಿನ ಬಲ್ಬು. ಒಂದಕ್ಕೆ ಮಾಮೂಲಿ ಗಾಜು, ಇನ್ನೊಂದಕ್ಕೆ ಬಿಸಿಲು ತಡೆಯುವ ಲೇಪನದ ಗಾಜು. ಕೈ ಇಟ್ಟರೆ ಒಂದು ಸುಡುತ್ತದೆ, ಒಂದು ತಣ್ಣಗಿರುತ್ತದೆ. ಜನ "ಅಬ್ಬಾ" ಎನ್ನುತ್ತಿದ್ದರು.

ನನ್ನ ಮೇಜು ಮೂಲೆಯಲ್ಲಿತ್ತು. ಬಂದವರು ತಮಗೆ ಬೇಕಾದ ಕಿಟಕಿ ಬಾಗಿಲುಗಳ ಅಳತೆ ಹೇಳಿದರೆ, ಒಂದು ದೊಡ್ಡ ಹಾಳೆಯಲ್ಲಿ ಯಾವ ತುಂಡನ್ನು ಎಲ್ಲಿ ಕತ್ತರಿಸಿದರೆ ಕಡಿಮೆ ಗಾಜು ಪೋಲಾಗುತ್ತದೆ ಎಂದು ತೆರೆಯ ಮೇಲೆ ತೋರಿಸುವುದು ನನ್ನ ಕೆಲಸ. ನಮ್ಮೂರಿನ ಟೈಲರು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ತೋಳು, ಬೆನ್ನು, ಕೊರಳು ಎಲ್ಲ ಗೀಚಿಕೊಂಡು ಆಮೇಲೆ ಕತ್ತರಿ ಹಾಕುತ್ತಾರಲ್ಲ, ಅದೇ ವಿದ್ಯೆ. ಒಂದೇ ವ್ಯತ್ಯಾಸ, ಬಟ್ಟೆಯನ್ನು ಹೇಗೆ ಬೇಕಾದರೂ ತಿರುಗಿಸಿ ಕತ್ತರಿಸಬಹುದು. ದೊಡ್ಡ ಹಾಳೆಯಿಂದ ಕಿಟಕಿ ತುಂಡುಗಳನ್ನು ತೆಗೆಯುವಾಗ ಗಾಜಿನ ಮೇಲೆ ಗೀರು ಹಾಕಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನೇರವಾಗಿ ಮುರಿಯಬೇಕು. ಈ ಬಗೆಯ ಲೆಕ್ಕಕ್ಕೆ 1939ರಲ್ಲೇ ದಾರಿ ಹಾಕಿಕೊಟ್ಟವರಲ್ಲಿ ರಷ್ಯಾದ ಲಿಯೊನಿದ್ ಕಾಂಟೊರೊವಿಚ್ ಒಬ್ಬರು. ಅವರಿಗೆ 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಮಕ್ಕಳೇ, ನಿಮಗೊಂದು ಲೆಕ್ಕ. ಕಾರ್ಖಾನೆಯಿಂದ ಬರುವ ದೊಡ್ಡ ಹಾಳೆಯ ಅಳತೆ 6000 ಮಿ.ಮೀ. ಉದ್ದ, 3210 ಮಿ.ಮೀ. ಅಗಲ. ಒಂದು ಚದರ ಮೀಟರ್ ಗಾಜು ಒಂದು ಮಿ.ಮೀ. ದಪ್ಪವಿದ್ದರೆ ಎರಡೂವರೆ ಕೆ.ಜಿ. ತೂಗುತ್ತದೆ. ಹಾಗಾದರೆ 12 ಮಿ.ಮೀ. ದಪ್ಪದ ಒಂದು ಹಾಳೆಯ ತೂಕ ಎಷ್ಟು? ಸುಮಾರು 578 ಕೆ.ಜಿ. ಮನೆಗೆ ಹೋಗಿ ಗುಣಿಸಿ ನೋಡಿ.

ಈ ಹಾಳೆ ಹೇಗೆ ತಯಾರಾಗುತ್ತದೆ ಎಂಬುದನ್ನು ಹೊಗೆಸೊಪ್ಪು ಬೆಳೆಯುವ ಹುಣಸೂರು, ಪಿರಿಯಾಪಟ್ಟಣ, ಹೆಚ್.ಡಿ.ಕೋಟೆಯ ಜನಕ್ಕೆ ಹೇಳುವುದು ಸುಲಭ. ಬ್ಯಾರನ್ನಿನಲ್ಲಿ ಸೊಪ್ಪು ಬೇಯಿಸುವಾಗ ಬೆಂಕಿ ಒಂದೇ ಸಲ ಏರಿಸಿದರೆ ಏನಾಗುತ್ತದೆ, ನಡುರಾತ್ರಿ ನಿದ್ದೆ ಹತ್ತಿ ಕಾವು ಇಳಿದರೆ ಏನಾಗುತ್ತದೆ, ನಿಮಗೆ ನಾನು ಹೇಳಬೇಕಾಗಿಲ್ಲ. ಗಾಜೂ ಹಾಗೆಯೇ. ಮರಳು, ಸೋಡಾ ಬೂದಿ, ಸುಣ್ಣಕಲ್ಲು, ಡಾಲಮೈಟು, ಜೊತೆಗೆ ಒಡೆದ ಗಾಜಿನ ಚೂರು, ಇಷ್ಟನ್ನು 1500 ಡಿಗ್ರಿ ಸೆಲ್ಸಿಯಸ್ ದಾಟಿದ ಕುಲುಮೆಯಲ್ಲಿ ಕರಗಿಸುತ್ತಾರೆ. ಆ ಪಾಕವನ್ನು ಕರಗಿದ ತವರದ ಕೊಳದ ಮೇಲೆ ಹರಿಯಬಿಡುತ್ತಾರೆ. ತವರ ಭಾರ, ಗಾಜು ಹಗುರ. ನೀರಿನ ಮೇಲೆ ಎಣ್ಣೆ ಹರಡಿದಂತೆ ಗಾಜು ತೇಲಿ ಸಮತಟ್ಟಾಗುತ್ತದೆ. ತೇಲುವುದರಿಂದ ಅದಕ್ಕೆ ಫ್ಲೋಟ್ ಗ್ಲಾಸ್ ಎಂದು ಹೆಸರು. ಮೊದಲು ದೊಡ್ಡ ಕನ್ನಡಿ, ಅಂಗಡಿ ಗಾಜುಗಳನ್ನೆಲ್ಲ ಉಜ್ಜಿ ಉಜ್ಜಿ ನಯ ಮಾಡಬೇಕಿತ್ತು. ಇಂಗ್ಲೆಂಡಿನ ಅಲಸ್ಟೇರ್ ಪಿಲ್ಕಿಂಗ್‌ಟನ್ 1952ರಿಂದ ಏಳು ವರ್ಷ ಹೆಣಗಿ, 1959ರಲ್ಲಿ ಈ ವಿಧಾನವನ್ನು ಲೋಕಕ್ಕೆ ತಿಳಿಸಿದ.

ತವರದಿಂದ ಹೊರಬಂದ ಗಾಜನ್ನು ಉದ್ದನೆಯ ಸುರಂಗದೊಳಗೆ ನಿಧಾನವಾಗಿ ತಣಿಸುತ್ತಾರೆ. ಅವಸರ ಮಾಡಿದರೆ ಅದು ಒಳಗೇ ಬಿಗಿದುಕೊಂಡು, ಕತ್ತರಿಸುವಾಗ ಕೈಕೊಡುತ್ತದೆ. ನಮ್ಮ ಬ್ಯಾರನ್ನಿನ ಬೆಂಕಿ ವಾರ ಉರಿದರೆ ಮುಗಿಯಿತು. ಗಾಜಿನ ಕುಲುಮೆಯನ್ನು ಒಮ್ಮೆ ಹೊತ್ತಿಸಿದರೆ ಹದಿನೈದು ವರ್ಷದಷ್ಟು ಕಾಲ ಹಗಲೂ ರಾತ್ರಿ ಆರಿಸುವುದಿಲ್ಲ. ನಮಗೆ ಹತ್ತಿರದ ದೊಡ್ಡ ಕಾರ್ಖಾನೆಗಳಲ್ಲಿ ಒಂದು ಚೆನ್ನೈ ರಸ್ತೆಯ ಶ್ರೀಪೆರಂಬದೂರಿನಲ್ಲಿದೆ. 2000ದಲ್ಲಿ ಅಲ್ಲಿ ಗಾಜು ಮಾಡಲು ಶುರು ಮಾಡಿದ ಸೇಂಟ್ ಗೋಬೇನ್ ಕಂಪನಿ ಹುಟ್ಟಿದ್ದು 1665ರಲ್ಲಿ, ಫ್ರಾನ್ಸಿನ ಹದಿನಾಲ್ಕನೇ ಲೂಯಿ ದೊರೆಯ ಕಾಲದಲ್ಲಿ, ಕನ್ನಡಿ ಮಾಡುವುದಕ್ಕಾಗಿ. ನಮ್ಮ ಬೆಳಗಾವಿ ಜಿಲ್ಲೆಯಲ್ಲೂ ಗೋಲ್ಡ್ ಪ್ಲಸ್ ಕಂಪನಿಯ ಕಾರ್ಖಾನೆ ಇದೆ.

ಇಷ್ಟು ದೊಡ್ಡ ಕುಲುಮೆ ಆರದೆ ಉರಿಯುತ್ತಿರುವಾಗ ಗಾಜು ಬಂದೇ ಬರುತ್ತದೆ. ಬಂದದ್ದು ಮಾರಾಟವಾಗಲೇಬೇಕು. ಅದಕ್ಕಾಗಿಯೇ ಈ ಪ್ರದರ್ಶನಗಳು. ಜರ್ಮನಿಯ ಡ್ಯೂಸೆಲ್‌ಡಾರ್ಫ್ ನಗರದಲ್ಲಿ ಎರಡು ವರ್ಷಕ್ಕೊಮ್ಮೆ ಗಾಜಿನದೇ ಜಾತ್ರೆ ನಡೆಯುತ್ತದೆ. ಜಾತ್ರೆ ಎಂದೆ, ಯಾಕೆಂದರೆ ಆ ಮಳಿಗೆಯಲ್ಲಿ ನಿಂತಾಗ ನನಗೆ ಕೆ.ಆರ್.ನಗರದ ಕಡೆಯ ಚುಂಚನಕಟ್ಟೆಯ ದನಗಳ ಜಾತ್ರೆ ಮತ್ತೆ ಮತ್ತೆ ನೆನಪಾಯಿತು. ಅಲ್ಲಿ ಎತ್ತುಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಗೆಜ್ಜೆ ಕಟ್ಟಿ ನಿಲ್ಲಿಸಿರುತ್ತಾರೆ. ನೋಡುವುದಕ್ಕೆ ಚಂದ. ಮಾರುವವನು ಹಾಗೆ ಮಾಡುವುದು ತಪ್ಪೂ ಅಲ್ಲ. ಆದರೆ ಕೊಳ್ಳುವ ರೈತ ಗೆಜ್ಜೆ ನೋಡಿ ದುಡ್ಡು ಬಿಚ್ಚುತ್ತಾನೆಯೇ? ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ. ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೆ ಟವೆಲ್ಲಿನ ಕೆಳಗೆ ಕೈ. ನಮ್ಮ ಹರಾಜು ಮಾರುಕಟ್ಟೆಯಲ್ಲೂ ಬೇಲಿನ ಮೇಲಿನ ಸೊಪ್ಪನ್ನಷ್ಟೇ ಅಲ್ಲ, ಒಳಗಿನದನ್ನೂ ಎಳೆದು ನೋಡುತ್ತಾರೆ. ಮಡಕೆ ಕೊಳ್ಳುವ ಹೆಂಗಸರು ತಟ್ಟಿ ನೋಡುತ್ತಾರೆ.

ಇಷ್ಟು ಚೆನ್ನಾಗಿ ವ್ಯಾಪಾರ ಬಲ್ಲ ನಾವೇ ಗಾಜು ಕೊಳ್ಳುವಾಗ ಮಾತ್ರ ಬಾಯಿ ಮುಚ್ಚಿಕೊಂಡು ಬರುತ್ತೇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತೇವೆ. ಹಾಗೆಯೇ ಹೊಳೆಯುವುದೆಲ್ಲ ಒಂದೇ ಗಾಜಲ್ಲ.

ಆ ನಾಲ್ಕು ದಿನದಲ್ಲಿ ನೂರಾರು ಜನ ಬಂದರು. ಆರ್ಕಿಟೆಕ್ಟರು, ಬಿಲ್ಡರುಗಳು, ಕಾಲೇಜು ಹುಡುಗರು. ಬಹಳ ಜನ ಸೆಲ್ಫಿ ತೆಗೆದುಕೊಂಡು, ಕೈಚೀಲ ಇಸಿದುಕೊಂಡು ಹೋದರು. ಸರಿಯಾದ ಪ್ರಶ್ನೆ ಕೇಳಿದವರು ಕೆ.ಆರ್.ನಗರದ ಕಡೆಯ ಒಬ್ಬ ಗಾರೆ ಮೇಸ್ತ್ರಿ. ತಾವು ಕಟ್ಟುತ್ತಿದ್ದ ಮನೆಯ ಯಜಮಾನರ ಜೊತೆ ಬಂದಿದ್ದರು. ಎಲ್ಲ ನೋಡಿ ಮುಗಿಸಿ, "ಅಲ್ಲ ಸ್ವಾಮಿ, ಒಡೆದೋದ್ರೆ ನಮ್ಮೂರಿಗೆ ಎಷ್ಟು ದಿನಕ್ಕೆ ಬತ್ತದೆ? ತಂದು ಕೂರ್ಸೋರು ಯಾರು?" ಎಂದರು. ಮಳಿಗೆಯ ಹುಡುಗ ಬ್ರೋಷರ್ ತಿರುವಿದ. ಅದರಲ್ಲಿ ಉತ್ತರ ಇರಲಿಲ್ಲ. ಮ್ಯಾನೇಜರನ್ನು ಕರೆದ. ಅವರು ಒಳ್ಳೆಯವರು, ಕುಳಿತು ಕಾಗದದ ಮೇಲೆ ಬರೆದು ತಿಳಿಸಿಕೊಟ್ಟರು. ಕೇಳಿದರೆ ಹೇಳುತ್ತಾರೆ. ಕೇಳದಿದ್ದರೆ ಗೆಜ್ಜೆ ಅಲ್ಲಾಡಿಸುತ್ತಾರೆ.

ಹಾಗಾದರೆ ಗಾಜಿನ ಹಲ್ಲು ಯಾವುದು? ನಾಲ್ಕು ಹೇಳುತ್ತೇನೆ.

ಮೊದಲನೆಯದು, ಇದು ಒಡೆದರೆ ಹೇಗೆ ಒಡೆಯುತ್ತದೆ? ಮಾಮೂಲಿ ಗಾಜು ಕತ್ತಿಯಂಥ ಚೂರುಗಳಾಗುತ್ತದೆ. ಟಫನ್ಡ್ ಗಾಜನ್ನು 600 ಡಿಗ್ರಿಗೂ ಮೇಲೆ ಕಾಯಿಸಿ, ಎರಡೂ ಕಡೆಯಿಂದ ರಭಸವಾಗಿ ಗಾಳಿ ಊದಿ ತಣಿಸುತ್ತಾರೆ. ಹೊರಗಿನ ಪದರ ಮೊದಲು ಗಟ್ಟಿಯಾಗುತ್ತದೆ, ಒಳಗಿನದು ಆಮೇಲೆ ಕುಗ್ಗುತ್ತಾ ಹೊರಗಿನದನ್ನು ಬಿಗಿ ಹಿಡಿಯುತ್ತದೆ. ಹೀಗೆ ಮಾಮೂಲಿ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿಯಾಗುತ್ತದೆ. ಒಡೆದರೆ ಕಲ್ಲುಸಕ್ಕರೆಯಂಥ ಸಣ್ಣ ಸಣ್ಣ ತುಂಡುಗಳಾಗುತ್ತದೆ. ಲ್ಯಾಮಿನೇಟೆಡ್ ಗಾಜು ಎಂದರೆ ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ಕಿನ ಪದರ. ಒಡೆದರೂ ಚೂರು ಅಂಟಿಕೊಂಡೇ ಇರುತ್ತದೆ. ಕಾರಿನ ಮುಂದಿನ ಗಾಜು ಇದೇ. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಎಂಬ ವಿಜ್ಞಾನಿಯ ಕೈಯಿಂದ ಲ್ಯಾಬಿನ ಫ್ಲಾಸ್ಕ್ ಬಿದ್ದು, ಒಡೆದರೂ ಚೂರಾಗದೆ ಉಳಿಯಿತಂತೆ. ಒಳಗೆ ಒಣಗಿದ್ದ ರಾಸಾಯನಿಕದ ಪೊರೆ ಹಿಡಿದುಕೊಂಡಿತ್ತು. ಅಲ್ಲಿಂದ ಈ ಯೋಚನೆ ಹುಟ್ಟಿತು ಎನ್ನುತ್ತಾರೆ. ಫ್ಲಾಸ್ಕ್ ಒಡೆದ ಮಕ್ಕಳಿಗೆ ಬೈಯುವ ಮುನ್ನ ನಮ್ಮ ವಿಜ್ಞಾನದ ಮೇಷ್ಟ್ರು ಇದನ್ನು ನೆನೆಯಬೇಕು.

ಎರಡನೆಯದು, ಮೂಲೆಯಲ್ಲಿ ಮುದ್ರೆ ಇದೆಯೇ? ಕಟ್ಟಡದ ಸುರಕ್ಷಾ ಗಾಜಿಗೆ ನಮ್ಮ ದೇಶದ ಮಾನಕ ಐಎಸ್ 2553. ಆ ಸಂಖ್ಯೆಯೊಂದಿಗೆ ಐಎಸ್ಐ ಗುರುತು ಇದೆಯೇ ಎಂದು ನೋಡಿ. ಇನ್ನೊಂದು ಪರೀಕ್ಷೆಗೆ ದುಡ್ಡು ಬೇಡ. ಟಫನ್ಡ್ ಗಾಜನ್ನು ಕಾಯಿಸುವ ಮೊದಲೇ ಅಳತೆಗೆ ಕತ್ತರಿಸಿ, ತೂತು ಕೊರೆದು ಮುಗಿಸಿರಬೇಕು. ಆಮೇಲೆ ಗೀರು ಹಾಕಿದರೆ ಇಡೀ ಹಾಳೆ ಪುಡಿಯಾಗುತ್ತದೆ. ಹೆಚ್.ಡಿ.ಕೋಟೆ ಕಡೆ ನಮ್ಮ ನೆಂಟರ ಮನೆಯಲ್ಲಿ ಮಹಡಿ ಮೆಟ್ಟಿಲಿಗೆ ಗಾಜಿನ ಕಟಕಟೆ ಹಾಕಿಸಿದರು. ಟಫನ್ಡ್ ಎಂದು ಬಿಲ್ಲಿನಲ್ಲಿ ಬರೆದು ಹಣ ತೆಗೆದುಕೊಂಡಿದ್ದರು. ಗೃಹಪ್ರವೇಶಕ್ಕೆ ಹೋದ ನಾನು, "ಅಳತೆ ಸರಿಯಾಗಿ ಕೂತಿತಾ?" ಎಂದು ಕೇಳಿದೆ. "ಒಂದು ಇಂಚು ಹೆಚ್ಚಾಗಿತ್ತು, ಇಲ್ಲೇ ವಜ್ರದ ಕಟರ್‌ನಲ್ಲಿ ಕುಯ್ದು ಕೂರಿಸಿದರು" ಎಂದರು. ಅಲ್ಲಿಗೆ ಗೊತ್ತಾಯಿತು. ಸ್ಥಳದಲ್ಲೇ ಕುಯ್ಯಲು ಬಂತು ಎಂದರೆ ಅದು ಟಫನ್ಡ್ ಅಲ್ಲ. ಮೂಲೆಯಲ್ಲಿ ಮುದ್ರೆಯೂ ಇರಲಿಲ್ಲ. ಆ ಮನೆಯಲ್ಲಿ ಮೂರು ವರ್ಷದ ಮಗುವಿದೆ. ಅಂಗಡಿಯವರ ಜೊತೆ ವಾದ ಮಾಡಿ ಬದಲಾಯಿಸಿಕೊಳ್ಳಲು ಎರಡು ತಿಂಗಳು ಹಿಡಿಯಿತು.

ಮೂರನೆಯದು, ಎಷ್ಟು ಕಾವು ಒಳಗೆ ಬಿಡುತ್ತದೆ? ಇದಕ್ಕೆ ಬಲ್ಬಿನ ಪೆಟ್ಟಿಗೆಯನ್ನು ನಂಬಬೇಡಿ, ಸಂಖ್ಯೆ ಕೇಳಿ. ಕಾರಣ ಹೇಳುತ್ತೇನೆ. ಬಿಸಿಲು ತಡೆಯುವ ಗಾಜಿನ ಮೇಲೆ ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಬೆಳ್ಳಿಯ ಲೇಪ ಇರುತ್ತದೆ. ಅದು ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನು ಚೆನ್ನಾಗಿ ಹಿಂದಕ್ಕೆ ತಳ್ಳುತ್ತದೆ. ಕಾವಿನ ಬಲ್ಬಿನಿಂದ ಬರುವುದು ಹೆಚ್ಚಾಗಿ ಆ ಕಿರಣಗಳೇ. ಆದರೆ ಸೂರ್ಯನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಕಾಣುವ ಬೆಳಕಿನಲ್ಲೇ ಇದೆ. ಬೆಳಕು ಒಳಗೆ ಬಂದರೆ ಅದರ ಶಾಖವೂ ಬರುತ್ತದೆ. ಆದ್ದರಿಂದ ಪೆಟ್ಟಿಗೆಯ ಮುಂದೆ ತೋರಿದಷ್ಟು ತಂಪು ನಿಮ್ಮ ಮನೆಯಲ್ಲಿ ಸಿಗುವುದಿಲ್ಲ. ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದಕ್ಕೆ ಎಸ್‌ಎಚ್‌ಜಿಸಿ ಎಂಬ ಸಂಖ್ಯೆ ಇದೆ. 6 ಮಿ.ಮೀ. ಮಾಮೂಲಿ ಗಾಜಿಗೆ ಅದು ಸುಮಾರು 0.8, ಅಂದರೆ ನೂರರಲ್ಲಿ 80 ಪಾಲು. ಒಳ್ಳೆಯ ಲೇಪನದ ಗಾಜಿಗೆ 0.3ಕ್ಕಿಂತಲೂ ಕಡಿಮೆ.

ನಾಲ್ಕನೆಯದು ಮೇಸ್ತ್ರಿಯ ಪ್ರಶ್ನೆ. ಒಡೆದರೆ ಎಷ್ಟು ದಿನಕ್ಕೆ ಬರುತ್ತದೆ, ಕೂರಿಸುವವರು ಯಾರು?

ಈಗ ನನ್ನ ವಿನಂತಿಗೆ ಬರುತ್ತೇನೆ. ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸಭಾಂಗಣ ಕಟ್ಟಿಸಿಕೊಡಬೇಕೆಂದು ತೀರ್ಮಾನವಾಗಿದೆ. ನಾನೂ ಆ ಲೆಕ್ಕದಲ್ಲಿ ಪಾಲುದಾರ. ನಕ್ಷೆಯನ್ನು ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರೂ ನೋಡಿದ್ದೇವೆ. ರಸ್ತೆಯ ಕಡೆಯ ಗೋಡೆ ಪೂರ್ತಿ ಗಾಜು, ಉದ್ದ ಮೂವತ್ತು ಅಡಿ, ಎತ್ತರ ಹತ್ತು ಅಡಿ. "ಬೆಂಗಳೂರಿನ ಆಫೀಸಿನ ಹಾಗೆ ಕಾಣಬೇಕು, ಸರ್ಕಾರಿ ಶಾಲೆ ಎಂದರೆ ಯಾರೂ ಮೂಗು ಮುರಿಯಬಾರದು" ಎಂದು ಗುಂಪಿನಲ್ಲಿ ಹಿರಿಯರೊಬ್ಬರು ಬರೆದರು. ಆ ಮಾತಿನ ಹಿಂದಿನ ನೋವು ನನಗೆ ಗೊತ್ತು. ಪಕ್ಕದ ಖಾಸಗಿ ಶಾಲೆಯ ಬಸ್ಸು ನಮ್ಮ ಗೇಟಿನ ಮುಂದೆಯೇ ಮಕ್ಕಳನ್ನು ಹತ್ತಿಸಿಕೊಂಡು ಹೋಗುವುದನ್ನು ದಿನಾ ನೋಡುವ ಊರು ನಮ್ಮದು. ಚಂದದ ಕಟ್ಟಡ ಬೇಕೆನ್ನುವುದರಲ್ಲಿ ತಪ್ಪೇನೂ ಇಲ್ಲ.

ಆದರೆ ಆ ಗಾಜಿನ ಹಲ್ಲು ಹಿಡಿದು ನೋಡೋಣ. ನಮ್ಮ ಶಾಲೆಯ ರಸ್ತೆ ಇರುವುದು ಪಡುವಣಕ್ಕೆ. ಮೂವತ್ತು ಅಡಿಗೆ ಹತ್ತು ಅಡಿ ಎಂದರೆ ಸುಮಾರು 28 ಚದರ ಮೀಟರ್. ಮಾರ್ಚ್ ತಿಂಗಳ ಸಂಜೆಯ ಬಿಸಿಲು ಚದರ ಮೀಟರಿಗೆ 500 ವ್ಯಾಟ್ ಎಂದು ಹಿಡಿಯೋಣ. ಮಾಮೂಲಿ ಗಾಜಾದರೆ ಒಳಗೆ ಬರುವ ಶಾಖ 11 ಸಾವಿರ ವ್ಯಾಟಿನ ಮೇಲೆ. ಸಾವಿರ ವ್ಯಾಟಿನ ಹನ್ನೊಂದು ಇಸ್ತ್ರಿ ಪೆಟ್ಟಿಗೆಗಳನ್ನು ಸಭಾಂಗಣದೊಳಗೆ ಹಚ್ಚಿಟ್ಟ ಹಾಗೆ. ದುಬಾರಿ ಲೇಪನದ ಗಾಜು ಹಾಕಿದರೂ ನಾಲ್ಕು ಇಸ್ತ್ರಿ ಪೆಟ್ಟಿಗೆ ಉಳಿಯುತ್ತವೆ. ಬೆಂಗಳೂರಿನ ಆಫೀಸಿನವರು ಎಸಿ ಹಾಕುತ್ತಾರೆ, ಕರೆಂಟು ಬಿಲ್ಲು ಕಟ್ಟುತ್ತಾರೆ. ನಮ್ಮ ಶಾಲೆಯಲ್ಲಿ ಕಟ್ಟುವವರು ಯಾರು? ಪರೀಕ್ಷೆ ನಡೆಯುವುದೂ ಮಾರ್ಚ್‌ನಲ್ಲೇ. ಆ ಸಭಾಂಗಣದಲ್ಲೇ ನೂರು ಮಕ್ಕಳನ್ನು ಕೂರಿಸಬೇಕು.

ಇನ್ನು ಆ ಗೋಡೆಯ ಮುಂದೆಯೇ ಆಟದ ಮೈದಾನ. ಟಫನ್ಡ್ ಗಾಜಿನ ಅಂಚಿಗೆ ಒಂದು ಕಲ್ಲು ಬಡಿದರೆ ಇಡೀ ಹಲಗೆ ಪುಡಿ. ಬದಲಿ ಹಲಗೆಯನ್ನು ಊರಿನಲ್ಲಿ ಕತ್ತರಿಸಿ ಹಾಕಲು ಬರುವುದಿಲ್ಲ, ಅಳತೆ ಕೊಟ್ಟು ಮಾಡಿಸಿ ದೂರದಿಂದ ತರಿಸಬೇಕು. ಅಲ್ಲಿಯವರೆಗೆ ಆ ಜಾಗಕ್ಕೆ ಏನು ಕಟ್ಟುತ್ತೇವೆ? ಗೋಣಿ ತಾಟು. ಐದು ವರ್ಷದಲ್ಲಿ ನಮ್ಮ ಸುವರ್ಣ ಸಭಾಂಗಣದ ಮುಖಕ್ಕೆ ಮೂರು ಗೋಣಿ ತಾಟು ಕಟ್ಟಿರುತ್ತದೆ. ಅದಕ್ಕೆ ಕನ್ನಡಿ ಬೇಕಿಲ್ಲ, ಅಂಗೈ ಹುಣ್ಣು.

ಗಾಜಿನಿಂದಲೇ ಅನ್ನ ತಿನ್ನುವವನು ಗಾಜು ಬೇಡ ಎನ್ನುತ್ತಾನಲ್ಲ ಎಂದು ನೀವು ಕೇಳಬಹುದು. ಬೇಡ ಎನ್ನುತ್ತಿಲ್ಲ. ಇರುವ ಕಡೆ ಇರಲಿ ಎನ್ನುತ್ತಿದ್ದೇನೆ. ಗಾಜನ್ನು ಅತ್ಯಂತ ಬುದ್ಧಿವಂತಿಕೆಯಿಂದ ಬಳಸಿದವರು ನಮ್ಮ ಹಿರಿಯರೇ. ಹಳೆಯ ಹೆಂಚಿನ ಮನೆಗಳಲ್ಲಿ ನೂರಾರು ಮಣ್ಣಿನ ಹೆಂಚಿನ ನಡುವೆ ಒಂದೋ ಎರಡೋ ಗಾಜಿನ ಹೆಂಚು ಇಡುತ್ತಿದ್ದರು. ಅಡುಗೆಮನೆಗೆ ಹಗಲೆಲ್ಲ ಬೆಳಕು, ಖರ್ಚು ಒಂದು ಹೆಂಚಿನದು. ಈ ಶಾಲೆಯ ಹಳೆಯ ಕೊಠಡಿಯಲ್ಲೂ ಅಂಥ ಎರಡು ಹೆಂಚಿದ್ದವು. ಕರೆಂಟು ಹೋದಾಗ ಗಣಿತದ ಮೇಡಂ ಆ ಬೆಳಕು ಬೀಳುವ ಕಡೆಗೆ ಬೋರ್ಡು ಸರಿಸಿಕೊಂಡು ಪಾಠ ಮುಂದುವರಿಸುತ್ತಿದ್ದರು. ನಮ್ಮ ಬ್ಯಾಚಿನವರಿಗೆಲ್ಲ ನೆನಪಿದೆ.

ಹಾಗಾಗಿ ನನ್ನ ಸಲಹೆ ಇಷ್ಟು. ಪಡುವಣದ ಗೋಡೆ ಇಟ್ಟಿಗೆಯದಿರಲಿ, ಗಾಳಿಗೆ ಜಾಲಂದ್ರ ಬಿಡೋಣ, ಮುಂದೆ ಅಗಲವಾದ ಜಗಲಿ ಬರಲಿ. ದೊಡ್ಡ ಕಿಟಕಿಗಳು ಬಡಗಣಕ್ಕೆ ಇರಲಿ, ಮೇಲೆ ಸಜ್ಜಾ ಇರಲಿ. ಬಾಗಿಲಲ್ಲಿ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಎಲ್ಲಿ ಗಾಜು ಬಂದರೂ ಅದು ಲ್ಯಾಮಿನೇಟೆಡ್ ಆಗಿರಲಿ, ಮುದ್ರೆ ನೋಡಿಯೇ ಕೊಳ್ಳೋಣ. ಜಗಲಿಗೆ ಹೆಂಚು ಹೊದಿಸಿ ನಾಲ್ಕು ಗಾಜಿನ ಹೆಂಚು ಇಡೋಣ. ಉಳಿಯುವ ಹಣವನ್ನು ವಿಜ್ಞಾನದ ಲ್ಯಾಬಿಗೆ ಹಾಕೋಣ. ಅಲ್ಲಿರುವ ಬೀಕರು, ಪ್ರನಾಳಗಳೂ ಗಾಜೇ, ಅವಕ್ಕೂ ಬರ ಇದೆ. ಈ ಬದಲಾವಣೆಯ ನಕ್ಷೆ, ಸಾಮಗ್ರಿಯ ಅಳತೆ, ಗಾಜಿನ ಲೆಕ್ಕ ಎಲ್ಲವನ್ನೂ ನಾನು ಮಾಡಿಸಿಕೊಡುತ್ತೇನೆ. ದಾನದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎಂಬ ಗಾದೆ ಇದೆ. ಕೊಡುವವರು ನಾವೇ ಆದ್ದರಿಂದ, ಕೊಡುವ ಮೊದಲು ನಾವೇ ನೋಡಿಬಿಡೋಣ. ಒಪ್ಪುವುದು ಬಿಡುವುದು ಹಿರಿಯರಿಗೆ ಬಿಟ್ಟದ್ದು. ಬೇರೆ ಲೆಕ್ಕ ಇದ್ದವರು ಹೇಳಿ, ಕುಳಿತು ಮಾತಾಡೋಣ.

ಕೊನೆಯದಾಗಿ ಮಕ್ಕಳಿಗೆ ಎರಡು ಮಾತು. ಆ ಪ್ರದರ್ಶನದಲ್ಲಿ ಕೋಟು ಹಾಕಿದವರಿಗಿಂತ ಹೆಚ್ಚು ಬೆಲೆ ಇದ್ದದ್ದು ಗಾಜು ಕೂರಿಸಲು ಬಲ್ಲ ಕುಶಲಿಗಳಿಗೆ. 500 ಕೆ.ಜಿ.ಯ ಹಾಳೆಯನ್ನು ಗೀರಾಗದಂತೆ ಎತ್ತಿ, ಕೂದಲೆಳೆ ಓರೆಯಾಗದಂತೆ ಕೂರಿಸುವ ಹುಡುಗರನ್ನು ಕಂಪನಿಗಳು ಹುಡುಕಿಕೊಂಡು ಹೋಗುತ್ತವೆ. ಅವರಲ್ಲಿ ಐಟಿಐ ಓದಿದವರು ಬಹಳ. ಎಲ್ಲರೂ ನನ್ನ ಹಾಗೆ ಬಿ.ಇ. ಮಾಡಬೇಕೆಂದೇನೂ ಇಲ್ಲ. ಡಿಪ್ಲೊಮಾ, ಐಟಿಐ ಕೂಡ ಒಳ್ಳೆಯ ದಾರಿಯೇ. ಯಾವ ದಾರಿಯಲ್ಲಿ ಹೋದರೂ ಈ ಶಾಲೆ ಕಲಿಸಿದ ಒಂದು ಅಭ್ಯಾಸ ಬಿಡಬೇಡಿ. ತರಗತಿಯಲ್ಲಿ ಎದ್ದು ನಿಂತು, "ಸರ್, ಅದು ಹೇಗೆ?" ಎಂದು ಕೇಳುತ್ತಿದ್ದೆವಲ್ಲ, ಮಳಿಗೆಯ ಮುಂದೆ ನಿಂತಾಗಲೂ ಹಾಗೆಯೇ ಕೇಳಿ. ಕೇಳುವುದರಲ್ಲಿ ನಾಚಿಕೆ ಇಲ್ಲ. ಆ ಮೇಸ್ತ್ರಿ ಓದಿದ್ದು ಏಳನೇ ತರಗತಿಯಂತೆ.

 ನಮ್ಮ ಶಾಲೆ ನೂರು ವರ್ಷ ಕಾಣಲಿ. ಜೈ ಹಿಂದ್, ಜೈ ಕರ್ನಾಟಕ.